ವ್ಯೂ ಇರುವ ತೋಟ

ಸಕಲೇಶಪುರ–ಆಲೂರು ನಡುವಿನ ಒಂದು ನರ್ಸರಿ. ಬೆಂಗಳೂರಿನ ಹೊಸ ಕಾಫಿ ಪ್ಲಾಂಟರ್ ಕಾರಿನಿಂದ ಇಳಿದರು. ಬೂಟು ಹೊಸದು, ಟೋಪಿ ಇನ್ನೂ ಹೊಸದು.

"ಗೌಡ್ರೇ, ಅರೇಬಿಕಾ ಕೊಡಿ. ರೊಬಸ್ಟಾ ಹೆಸರೇ ಒರಟು."

"ಚಂದ್ರಗಿರಿ ತಗಳಿ ಸಾರ್. 2007ರಲ್ಲಿ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರದವ್ರು ಬಿಟ್ಟ ತಳಿ." ಗೌಡರು ಕಪ್ಪು ಚೀಲ ಸೀಳಿ ತಾಯಿಬೇರು ತೋರಿಸಿದರು. "ನೋಡಿ, ನೆಟ್ಟಗಿದೆ. ಡೊಂಕಿದ್ರೆ ಎಸೆದ್ಬಿಡಿ. ಅಂದಂಗೆ, ನೆರಳು ಹೆಂಗಿದೆ?"

"ಮರ ಎಲ್ಲಾ ಕಡಿಸ್ದೆ. ಡ್ರೋನ್‌ಗೆ ವ್ಯೂ ಸಿಕ್ತಿರ್ಲಿಲ್ಲ."

"ಬಿಳಿ ಕಾಂಡಕೊರಕಕ್ಕೆ ಹಬ್ಬ! ಬಿಸಿಲು ಬಿದ್ದ ಕಾಂಡ ಅಂದ್ರೆ ಅದಕ್ಕೆ ಪ್ರಾಣ."

"ಅದಕ್ಕೊಂದು ಆ್ಯಪ್ ಇಲ್ವಾ?"

"ಹಾಲುವಾಣದ ಗೂಟ ಇದೆ. ಊರಿದ್ರೆ ಬೇಗ ನೆರಳು. ಜೊತೆಗೆ ಸಿಲ್ವರ್ ಓಕ್ ಹಾಕಿ, ಮೆಣಸು ಹಬ್ಬಿಸಿ."

"ಮತ್ತೆ ವ್ಯೂ?"

ಗೌಡರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

"ಹೋಗ್ಲಿ, ಆನೆ ಬರದಂಥ ಗಿಡ ಕೊಡಿ."

"ಬಾಳೆ, ಹಲಸು ಬಿಡಿ. ಅವಿದ್ರೆ ಊಟಕ್ಕೆ ಕರೆದಂಗೆ."

"ಆದ್ರೆ ಹೋಮ್‌ಸ್ಟೇ ಬೋರ್ಡಲ್ಲಿ 'ಕಾಡಾನೆ ದರ್ಶನ' ಅಂತ ಬರೆಸಿದೀನಲ್ಲಾ!"

"ಹಂಗಾದ್ರೆ ಬಾಳೆಕಂದು ಎಷ್ಟು ಹಾಕ್ಲಿ?"

ಸಾಹೇಬರು ಕೊನೆಗೆ ಕೊಂಡದ್ದು ವರಾಂಡಕ್ಕೊಂದು ಆಂಥೂರಿಯಂ ಕುಂಡ. ಗೌಡರ ಸಲಹೆಗೆ ಬಿಲ್ ಇರಲಿಲ್ಲ, ಅದನ್ನು ಅಲ್ಲೇ ಬಿಟ್ಟರು.

ತೋಟ ಕೊಂಡವರೇ, ನರ್ಸರಿಗೆ ಮಳೆಗೆ ಮುಂಚೆ ಬನ್ನಿ. ಮರ ಕಡಿಸುವುದಕ್ಕೂ ಮುಂಚೆ ಬಂದರೆ ಇನ್ನೂ ಒಳ್ಳೆಯದು.