ಘನಭ್ರಮಣಜನ್ಯ ಮಣಿಕಟ್ಟುವ್ಯಾಧಿ: ಸಕಲೇಶಪುರ–ಆಲೂರು ಸೀಮೆಯನ್ನು ಆಧರಿಸಿದ ಒಂದು ಪ್ರೌಢ ಪ್ರಬಂಧ

ವಾತ, ಪಿತ್ತ, ಕಫ ಈ ಮೂರರ ಏರುಪೇರಿನಿಂದ ಹುಟ್ಟುವ ವ್ಯಾಧಿಗಳನ್ನು ಹಿಂದಿನವರು ಸಾಕಷ್ಟು ವಿವರಿಸಿ ಹೋಗಿದ್ದಾರೆ. ಕೆಂಪು, ನೀಲಿ, ಹಸಿರು, ಹಳದಿ, ಕಿತ್ತಳೆ, ಬಿಳಿ ಈ ಆರರ ಏರುಪೇರಿನಿಂದ ಹುಟ್ಟುವ ವ್ಯಾಧಿಯನ್ನು ಮಾತ್ರ ಚರಕನೂ ಹೇಳಲಿಲ್ಲ, ಸುಶ್ರುತನೂ ಹೇಳಲಿಲ್ಲ. ಆ ಕೊರತೆಯನ್ನು ತುಂಬುವ ಹೊಣೆ ಸಕಲೇಶಪುರ ತಾಲ್ಲೂಕಿನ ಒಂದು ಹೆಂಚಿನ ಮನೆಯ ಜಗುಲಿಯಲ್ಲಿ, ಆಷಾಢದ ಮಳೆಯಲ್ಲಿ, ಕರೆಂಟು ಹೋಗಿದ್ದ ಹೊತ್ತಿನಲ್ಲಿ ಈ ಪ್ರಬಂಧಕಾರನ ಹೆಗಲಿಗೆ ಬಿತ್ತು.

ಮೊದಲು ರೋಗಕಾರಕದ ಚರಿತ್ರೆ. 1974ರಲ್ಲಿ ಬುಡಾಪೆಸ್ಟ್ ನಗರದ ಎರ್ನೋ ರೂಬಿಕ್ ಎಂಬ ವಾಸ್ತುಶಿಲ್ಪದ ಮೇಷ್ಟ್ರು ಮೂಲೆ ಮೂಲೆಗೂ ತಿರುಗುವ ಒಂದು ಘನವನ್ನು ಕಟ್ಟಿದರು. ತಿರುಗಿಸಿ ನೋಡಿದರು, ಬಣ್ಣ ಕೆಟ್ಟಿತು. ತಾವೇ ಕೆಡಿಸಿದ್ದನ್ನು ಸರಿಮಾಡಲು ಅವರಿಗೆ ಸುಮಾರು ಒಂದು ತಿಂಗಳು ಹಿಡಿಯಿತು. ಆ ತಿಂಗಳು ಅವರ ಮಣಿಕಟ್ಟು ಹೇಗಿತ್ತು ಎಂದು ಕೇಳಲು ಮರೆತದ್ದು ಯುರೋಪಿನ ವಿದ್ವತ್ತಿನ ದೊಡ್ಡ ಲೋಪ. ಈ ಘನ ತಾಳಬಲ್ಲ ಅವಸ್ಥೆಗಳು 43,252,003,274,489,856,000. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೋಟಿಯನ್ನು ಕೋಟಿಯಿಂದ ಗುಣಿಸಿ, ಅಂಥ ರಾಶಿಯನ್ನು ನಾಲ್ಕು ಲಕ್ಷ ಮೂವತ್ತೆರಡು ಸಾವಿರ ಸಲ ಒಟ್ಟಬೇಕು. ಇವುಗಳಲ್ಲಿ ಯಾವ ಅವಸ್ಥೆಯಿಂದಲೇ ಹೊರಟರೂ ಇಪ್ಪತ್ತು ತಿರುವಿನೊಳಗೆ ಮನೆ ಸೇರಬಹುದೆಂದು 2010ರಲ್ಲಿ ಕಂಪ್ಯೂಟರುಗಳನ್ನು ದುಡಿಸಿ ಸಾಧಿಸಿದರು. ಈ ಇಪ್ಪತ್ತಕ್ಕೆ ‘ದೇವರ ಸಂಖ್ಯೆ’ ಎಂದು ಹೆಸರು. ಸ್ಪರ್ಧೆಗೆ ಹೋಗುವ ಹುಡುಗರಿಗೆ ಐವತ್ತೈದು ಅರುವತ್ತು ತಿರುವು ಬೇಕಾಗುತ್ತದೆ. ದೇವರಿಗೂ ಮನುಷ್ಯನಿಗೂ ನಡುವೆ ಇರುವ ಈ ಮೂವತ್ತೈದು ನಲವತ್ತು ತಿರುವುಗಳಲ್ಲಿಯೇ ರೋಗದ ಬೀಜ ಇದೆ ಎಂಬುದು ನಮ್ಮ ಪ್ರಥಮ ಸಿದ್ಧಾಂತ.

ರೋಗಿ ಸಂಖ್ಯೆ ಒಂದು: ಹಾಸ್ಟೆಲಿನಿಂದ ರಜೆಗೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿ. ಎರಡನೆಯ ರೋಗಿ ಸದ್ಯಕ್ಕೆ ಇಲ್ಲ. ದಿನಕ್ಕೆ ನೂರು ಸಲ ಬಿಡಿಸುತ್ತೇನೆಂಬುದು ಅವನದೇ ಹೇಳಿಕೆ. ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವು. ಲೋಟ ಎತ್ತಲಾರ, ಬಾಗಿಲ ಚಿಲಕ ತೆಗೆಯಲಾರ, ತೋಟಕ್ಕೆ ಗೊಬ್ಬರ ಹೊರಲು ಖಂಡಿತ ಆಗದು. ಘನವನ್ನು ತಿರುಗಿಸಬಲ್ಲ.

ಇನ್ನು ದೇಶ ಕಾಲಗಳ ವಿಚಾರ. ಬಯಲುಸೀಮೆಯ ಹುಡುಗ ಬೇಸರವಾದರೆ ಎದ್ದು ಪೇಟೆಗೆ ಹೋಗುತ್ತಾನೆ. ಮಳೆಗಾಲದ ಮಲೆನಾಡಿನಲ್ಲಿ ಎದ್ದು ಹೋಗುವುದಕ್ಕೆ ಮೂರು ಅಡ್ಡಿ. ಮೊದಲನೆಯದು ಮಳೆ. ಎರಡನೆಯದು ತಂತಿಯ ಮೇಲೆ ಮರ ಬಿದ್ದು ಹೋದ ಕರೆಂಟು. ಅದರ ಹಿಂದೆಯೇ ಮೊಬೈಲ್ ಟವರು. ಮೂರನೆಯದು ಆನೆ. 2014ರಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆ ಜಾಗಕ್ಕೆ ಬೇರೆ ಆನೆಗಳು ಬಂದವು. ಸಂಜೆ ಐದಕ್ಕೆ ‘ಗುಂಪು ಮಗ್ಗೆ ಕಡೆ ತೋಟದಲ್ಲಿದೆ, ಓಡಾಡಬೇಡಿ’ ಎಂದು ಸಂದೇಶ ಬಂದರೆ ಮನೆಮಂದಿಯೆಲ್ಲ ಒಳಗೆ. ಒಳಗಿದ್ದವನು ಏನು ಮಾಡಬೇಕು? ಬ್ಯಾಟರಿ ಬೇಡದ, ಸಿಗ್ನಲ್ ಬೇಡದ ವಸ್ತು ಮನೆಯಲ್ಲಿ ಆ ಘನವೊಂದೇ. (ಪ್ರಸಂಗವಶಾತ್: ಇಡೀ ದಿನ ಬೈನೆ ಮರ ಸೀಳಿ, ಬಾಳೆ ಕಿತ್ತು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಆನೆಗೆ ಮಣಿಕಟ್ಟು ನೋವು ಕಂಡುಬಂದಿಲ್ಲ. ಸೊಂಡಿಲಿನಲ್ಲಿ ಎಲುಬೇ ಇಲ್ಲದಿರುವುದು ಕಾರಣವಿರಬಹುದು. ಸ್ವತಃ ಪರೀಕ್ಷಿಸುವ ಉತ್ಸಾಹ ಪ್ರಬಂಧಕಾರನಿಗೆ ಬರಲಿಲ್ಲ.)

ಈ ಸೀಮೆಗೇ ವಿಶಿಷ್ಟವಾದ ಇನ್ನೊಂದು ಕಾರಣವುಂಟು: ಕೊಬ್ಬರಿ ಎಣ್ಣೆ. ಘನ ಬಿಗಿಯಾದರೆ ಅದಕ್ಕೆಂದೇ ಮಾರುವ ಸಿಲಿಕೋನ್ ಎಣ್ಣೆ ಹಾಕುವುದು ಪಟ್ಟಣದ ಪದ್ಧತಿ. ನಮ್ಮ ರೋಗಿ ದೇವರ ಮನೆಯ ಪಕ್ಕದ ಶೀಶೆಯಿಂದ ಎರಡು ಹನಿ ಬಿಟ್ಟ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಸಕಲೇಶಪುರವಿರುವುದು 900 ಮೀಟರಿಗೂ ಎತ್ತರದಲ್ಲಿ. ಮರುದಿನ ಬೆಳಿಗ್ಗೆ ಘನ ಮಿಸುಕಲಿಲ್ಲ. ಅದನ್ನು ಮಿಸುಕಿಸಲು ಹಾಕಿದ ಬಲವೇ ಮಣಿಕಟ್ಟಿಗೆ ಬಿದ್ದ ಮೊದಲ ಪೆಟ್ಟು. ಕೊನೆಗೆ ಘನವನ್ನು ಒಲೆಯ ಪಕ್ಕ ಇಟ್ಟು ಕರಗಿಸಬೇಕಾಯಿತು. ಹಳದಿ ಮೈಗೆ ಇಂದಿಗೂ ಹೊಗೆಯ ವಾಸನೆ ಇದೆ.

ಈಗ ನಿದಾನ. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದೇ ಇಕ್ಕಟ್ಟಾದ ಕೊಳವೆಯೊಳಗೆ ನುಸುಳಿ ಹೋಗುತ್ತವೆ. ಕೊಳವೆಯ ಗೋಡೆ ದಪ್ಪವಾದರೆ ಪ್ರತಿ ಚಲನೆಯೂ ಉಜ್ಜುತ್ತದೆ. ಇದನ್ನು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ. ರೋಗಕ್ಕೆ ಅವನದೇ ಹೆಸರು. ಎಳೆಮಗುವನ್ನು ಪದೇ ಪದೇ ಎತ್ತುವ ಬಾಣಂತಿಯರಲ್ಲಿ ಸಾಮಾನ್ಯ. ಅಮೃತಾಂಜನ ಹುಟ್ಟಿದ್ದು 1893ರಲ್ಲಿ. ಅಂದರೆ ಔಷಧ ರೋಗಕ್ಕಿಂತ ಎರಡು ವರ್ಷ ಹಿರಿದು. ಭಾರತೀಯ ವೈದ್ಯದ ದೂರದೃಷ್ಟಿಗೆ ಬೇರೆ ಪುರಾವೆ ಬೇಕಿಲ್ಲ.

ಘನದಿಂದಲೇ ಬರುವ ನೋವಿಗೂ ಶಾಸ್ತ್ರಾಧಾರವಿದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಘನಗಂಭೀರ ಪತ್ರಿಕೆ 1981ರಲ್ಲಿ ‘ಕ್ಯೂಬಿಸ್ಟನ ಹೆಬ್ಬೆರಳು’ ಎಂಬ ಕಾಗದವನ್ನು ಅಚ್ಚುಮಾಡಿತು. ಅದೇ ವರ್ಷ ‘ಸ್ಪೇಸ್ ಇನ್ವೇಡರ್ಸ್’ ಆಟದವರ ಮಣಿಕಟ್ಟು, 1990ರಲ್ಲಿ ‘ನಿಂಟೆಂಡಿನೈಟಿಸ್’. ಆಟವಾಡಿ ಕೈ ನೋಯಿಸಿಕೊಂಡವರಿಗೆ ಹೆಸರಿಡುವುದರಲ್ಲಿ ಆ ಪತ್ರಿಕೆ ನಾಮಕರಣದ ಪುರೋಹಿತರನ್ನೂ ಮೀರಿಸಿದೆ.

ಪತ್ತೆಹಚ್ಚುವ ವಿಧಾನ ಸುಲಭ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಗ್ಗಿಸಬೇಕು. ಫಿಂಕೆಲ್‌ಸ್ಟೈನ್ ಎಂಬುವನ ಹೆಸರಿನಲ್ಲಿ ಬಳಕೆಯಲ್ಲಿರುವ ಪರೀಕ್ಷೆ ಇದು. ರೋಗಿ ಸಂಖ್ಯೆ ಒಂದು ಹಲ್ಲು ಕಚ್ಚಿದ. ಸಂಶೋಧನೆಗೆ ಆರೋಗ್ಯವಂತರ ಒಂದು ಗುಂಪೂ ಹೋಲಿಕೆಗೆ ಬೇಕಷ್ಟೆ. ಒಲೆಯ ಮುಂದೆ ಕೂತಿದ್ದ, ಘನವನ್ನು ಒಮ್ಮೆಯೂ ಮುಟ್ಟದ ಅಜ್ಜಿಯ ಕೈಯನ್ನು ಹಾಗೇ ಬಗ್ಗಿಸಿದೆವು.

“ಅಯ್ಯೋ, ಬಿಡ್ಲಾ! ಜೀವ ಹೋಯ್ತು!”

ಪ್ರಬಂಧಕ್ಕೆ ಇದು ತುಂಬ ಅನಾನುಕೂಲ. ಘನವಿಲ್ಲದೆ ಘನವ್ಯಾಧಿ ಬಂದರೆ ಶೀರ್ಷಿಕೆಯೇ ಬಿದ್ದುಹೋಗುತ್ತದೆ. ವಿಚಾರಿಸಲಾಗಿ ಅಜ್ಜಿಯ ಕೈ ಶ್ಯಾವಿಗೆ ಒತ್ತಿದ್ದು, ಅಕ್ಕಿರೊಟ್ಟಿ ತಟ್ಟಿದ್ದು, ಒಣಗದ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡಿದ್ದು, ಮದುವೆಯಾಗಿ ಬಂದಾಗಿನಿಂದ ಪ್ರತಿ ಕೊಯ್ಲಿನಲ್ಲೂ ಕಾಫಿ ಹಣ್ಣು ಬಿಡಿಸಿದ್ದು ತಿಳಿದುಬಂತು. “ನೋವು ಯಾವಾಗಿಂದ?” ಎಂದು ಪ್ರಶ್ನಾವಳಿಯ ಪ್ರಕಾರ ಕೇಳಿದರೆ, “ಯಾವಾಗ್ಲಿಂದ ಅಂದ್ರೆ? ಕೈ ಅಂದ್ಮೇಲೆ ನೋಯ್ತದೆ” ಎಂದರು. ಇಂಥ ಉತ್ತರವನ್ನು ಬರೆದುಕೊಳ್ಳಲು ನಮ್ಮ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.

ಆದರೂ ಶಾಸ್ತ್ರನಿಷ್ಠೆಯಿಂದ ಲೆಕ್ಕ ಹಾಕಿದೆವು. ಹುಡುಗನದು ನೂರು ಸಲ, ಸಲಕ್ಕೆ ಅರುವತ್ತು: ದಿನಕ್ಕೆ 6,000 ತಿರುವು. ಕೆ.ಜಿ. ಲೆಕ್ಕದಲ್ಲಿ ಕೊಯ್ಯುವ ಒಬ್ಬ ಹೆಂಗಸು ದಿನಕ್ಕೆ 50 ಕೆ.ಜಿ. ಬಿಡಿಸಿದಳೆನ್ನಿ. ಹಣ್ಣೊಂದಕ್ಕೆ ಎರಡು ಗ್ರಾಂ ಎಂದು ಧಾರಾಳವಾಗಿ ಹಿಡಿದರೂ 25,000 ಹಣ್ಣು. ಒಂದು ತಿರುಚಿಗೆ ನಾಲ್ಕು ಹಣ್ಣು ಕೈಗೆ ಬಂತೆಂದು ಇನ್ನಷ್ಟು ಧಾರಾಳ ತೋರಿದರೆ 6,250. ಎರಡೂ ಸಂಖ್ಯೆಗಳು ಇಷ್ಟು ಹತ್ತಿರ ಬಂದದ್ದಕ್ಕೆ ಪ್ರಬಂಧಕಾರನ ಧಾರಾಳವೇ ಕಾರಣ. ಅರೇಬಿಕಾದಲ್ಲಿ ಹಸಿರು ಕಾಯಿ ಬಿಟ್ಟು ಹಣ್ಣನ್ನೇ ಆರಿಸಬೇಕಾದಾಗ ಲೆಕ್ಕ ಎಲ್ಲಿಗೆ ಹೋಗುತ್ತದೋ. ಸೂಕ್ಷ್ಮ ವ್ಯತ್ಯಾಸವೂ ಒಂದಿದೆ. 6,000 ತಿರುವಿನ ನಂತರ ಘನ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗಿರುತ್ತದೆ. 6,250ರ ನಂತರ ಅರ್ಧ ಕ್ವಿಂಟಲ್ ಹಣ್ಣು ಕಣಕ್ಕೆ ಬಂದಿರುತ್ತದೆ. ಮೊದಲನೆಯದಕ್ಕೆ ಪತ್ರಿಕೆಯಲ್ಲಿ ಲ್ಯಾಟಿನ್ ವಾಸನೆಯ ಹೆಸರುಗಳಿವೆ. ಎರಡನೆಯದಕ್ಕೆ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರುವ ಹೆಸರು ‘ಕೈ ನೋವು’. ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಅವರ ಮಾತಿನಲ್ಲಿ ಏನೋ ಅನ್ನುತ್ತಾರೆ. ಸಂದರ್ಶನಕ್ಕೆಂದು ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಹೋದಾಗ ಅವರು ಕೊಯ್ಲು ನಿಲ್ಲಿಸಿ ಮಾತಾಡಲಿಲ್ಲ, ನಿಂತರೆ ಕೆ.ಜಿ. ಕಮ್ಮಿಯಾಗುತ್ತದಂತೆ. ಸಹಕಾರ ದೊರೆಯದ ಕಾರಣ ಈ ಗುಂಪನ್ನು ಅಧ್ಯಯನದಿಂದ ಕೈಬಿಡಲಾಗಿದೆ.

ಚಿಕಿತ್ಸೆಯಲ್ಲಿ ಎರಡು ಪಂಥ. ಬಿಸಿಯವರು ಲಕ್ಕಿ ಸೊಪ್ಪು ಕುದಿಸಿದ ನೀರು, ಹುರಿದ ಉಪ್ಪಿನ ಶಾಖ, ಬಿಸಿಮಾಡಿದ ಎಕ್ಕದ ಎಲೆ ಎನ್ನುತ್ತಾರೆ. ತಣ್ಣನೆಯವರು ಐಸ್ ಎನ್ನುತ್ತಾರೆ. ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಈ ಪಂಥಕ್ಕೆ ಅನುಯಾಯಿಗಳು ಕಡಿಮೆ. ಬಿಸಿಯವರೊಳಗೇ ಎಣ್ಣೆಯನ್ನು ಪ್ರದಕ್ಷಿಣವಾಗಿ ತಿಕ್ಕಬೇಕೋ ಅಪ್ರದಕ್ಷಿಣವಾಗಿಯೋ ಎಂಬ ಒಳಜಗಳವಿದೆ. ರೋಗಿ ಮಧ್ಯಸ್ಥಿಕೆ ವಹಿಸಿ, ಘನಶಾಸ್ತ್ರದ ಪ್ರಕಾರ ಮೊದಲು ಒಂದು, ಆಮೇಲೆ ಅದರ ವಿಲೋಮ, ಹೀಗೆ ಆರು ಸುತ್ತು ಎಂದು ತೀರ್ಪಿತ್ತ.

ಪೇಟೆಯ ಡಾಕ್ಟರು ಹೇಳಿದ್ದು ಇಷ್ಟು: ಹೆಬ್ಬೆರಳು ಅಲ್ಲಾಡದಂತೆ ಪಟ್ಟಿ ಕಟ್ಟಿ, ಕೆಲವು ವಾರ ಘನ ಮುಟ್ಟಬೇಡ, ಊತ ಇಳಿಯಲು ಮಾತ್ರೆ, ಬಗ್ಗದಿದ್ದರೆ ಸ್ಟೆರಾಯ್ಡ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಕೊಳವೆಯನ್ನು ಸೀಳುವ ಚಿಕ್ಕ ಆಪರೇಷನ್. ಮತ್ತೆ ಆಡುವುದಾದರೆ ಘನದ ಸ್ಕ್ರೂ ಸಡಿಲಿಸು, ಮಣಿಕಟ್ಟು ತಿರುಚದೆ ಬೆರಳ ತುದಿಯಿಂದ ತಳ್ಳು, ನಡುನಡುವೆ ಎದ್ದು ಓಡಾಡು. ಎಲ್ಲವೂ ಸರಿ. ಆದರೆ ‘ಮುಟ್ಟಬೇಡ’ ಎಂಬ ಒಂದೇ ಪದದ ಚಿಕಿತ್ಸೆಯನ್ನು ಒಪ್ಪಿಕೊಂಡರೆ ಪ್ರೌಢ ಪ್ರಬಂಧಗಳ ಗತಿ ಏನಾಗಬೇಕು?

ರೋಗಿ ಪಟ್ಟಿ ಕಟ್ಟಿಸಿಕೊಂಡ. “ಕೈ ನೋಯ್ತದೆ ಅಂತೀಯ, ಆ ಡಬ್ಬೀನ ಮಾತ್ರ ಬಿಡಕಿಲ್ಲ ನೀನು” ಎಂದು ಅಜ್ಜಿ ಗದರಿದ್ದಕ್ಕೆ, ಬಲಗೈಯಲ್ಲಿ ಮುಟ್ಟಿಲ್ಲವಲ್ಲ ಎಂದ. ನಿಜ. ಎಡಗೈಯಲ್ಲಿ ಶುರುಮಾಡಿದ್ದ, ವಿಶ್ವಮಟ್ಟದ ಸ್ಪರ್ಧೆಗಳಲ್ಲಿ ಒಂಟಿಗೈಯವರಿಗೇ ಪ್ರತ್ಯೇಕ ವಿಭಾಗ ಇದೆಯಂತೆ. ಇಟಲಿಯ ವೈದ್ಯ ರಾಮಜ್ಜೀನಿ 1713ರ ತನ್ನ ಗ್ರಂಥದಲ್ಲಿ ಬರೆಯುವವರ ಕೈನೋವಿಗೆ ಕೊಟ್ಟ ಕಾರಣಗಳು ಮೂರು: ಕೂತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುವುದು, ತಪ್ಪಾದೀತೆಂದು ಮನಸ್ಸನ್ನು ಬಿಗಿಹಿಡಿಯುವುದು. ಅಲ್ಲಿಯೇ ಅವನಿಗೆ ಪರಿಚಯವಿದ್ದ ಒಬ್ಬ ಪತ್ರಬರಹಗಾರನ ಕಥೆಯೂ ಬರುತ್ತದೆ. ಬಲಗೈ ಸ್ವಾಧೀನ ತಪ್ಪಿತೆಂದು ಆತ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ದಿನಕ್ಕೆ ಎಡಗೈಗೂ ಅದೇ ಆಯಿತು. ನಮ್ಮ ರೋಗಿಗೆ ಇದನ್ನು ಓದಿ ಹೇಳಿದಾಗ ಅವನು ಕಾಲಿನತ್ತ ನೋಡಿಕೊಂಡ. ಕಾಲಿನಿಂದ ಘನ ಬಿಡಿಸುವ ವಿಭಾಗವೂ ಆ ಸ್ಪರ್ಧೆಗಳಲ್ಲಿ ಇತ್ತು, 2020ರಿಂದ ರದ್ದಾಗಿದೆ.