ಕೊನೆಯ ಹೆಸರು ಕಡ್ಡಾಯ!

499 ರೂಪಾಯಿ, ‘ಎಚ್‌ಎಚ್’, ‘ನೀವು ಸದಸ್ಯರಲ್ಲ’. ಹೋದ ಎರಡು ವಾರ ಈ ಅಂಕಣ ಓದಿದವರಿಗೆ ಇಷ್ಟು ಹೇಳಿದರೆ ಸಾಕು. ಓದದ ಪುಣ್ಯವಂತರಿಗೆ: ಒಂದು ಕನ್ನಡ ಡಿಜಿಟಲ್ ಮ್ಯಾಗಜೀನಿಗೆ 499 ರೂಪಾಯಿ ಚಂದಾ ಕಟ್ಟಿದೆ, ಅದು ಇನ್ನೂ ‘ನೀವು ಸದಸ್ಯರಲ್ಲ’ ಎನ್ನುತ್ತಿದೆ. ನನ್ನ ಗೋಳು ಕೇಳಿ ಬೇಸತ್ತ ಸಂಪಾದಕರು, ‘ಬೈಯುವುದಿದ್ದರೆ ಅದನ್ನೇ ಎದುರಿಗೆ ಕೂರಿಸಿಕೊಂಡು ಬೈಯಿರಿ’ ಎಂದರು. ಹಾಗಾಗಿ ಆ ಡಿಜಿಟಲ್ ಮ್ಯಾಗಜೀನಿನ ಬಾಗಿಲು ಕಾಯುವ ಸದಸ್ಯತ್ವದ ಪ್ಲಗಿನ್ ಇವತ್ತಿನ ಅತಿಥಿ. ಮ್ಯಾಗಜೀನಿನ ಹೆಸರು ಹೇಳುವುದಿಲ್ಲ. ದುಡ್ಡು ವಾಪಸ್ ಬಂದೀತೆಂಬ ಆಸೆ ಇನ್ನೂ ಸತ್ತಿಲ್ಲ.

ನಾನು: ನಮಸ್ಕಾರ. ತಾವು ಯಾರೆಂದು ಓದುಗರಿಗೆ ಹೇಳಿ.

ಪ್ಲಗಿನ್: ವೆಬ್‌ಸೈಟ್ ಕಟ್ಟೋ ವರ್ಡ್‌ಪ್ರೆಸ್ ಅನ್ನೋ ಮನೆಗೆ ಆಮೇಲೆ ಕೂರಿಸಿದ ಬಾಗಿಲು ಸಾರ್ ನಾನು. ಮನೆ ಕಟ್ಟಿದ್ದು 2003ರಲ್ಲಿ. ಮಾರನೇ ವರ್ಷವೇ ನಮ್ಮಂಥೋರನ್ನ ಸೇರಿಸ್ಕೊಳ್ಳೋಕೆ ಶುರು ಮಾಡಿದ್ರು. ಈಗ ನಮ್ಮ ಕುಲದಲ್ಲಿ ಐವತ್ತು ಸಾವಿರಕ್ಕೂ ಮೇಲಿದ್ದೀವಿ. ದುಡ್ಡು ಕೊಟ್ಟೋರನ್ನ ಒಳಗೆ ಬಿಡೋದು, ಕೊಡದೇ ಇರೋರಿಗೆ ಎರಡು ಪ್ಯಾರಾ ತೋರಿಸಿ ಪರದೆ ಎಳೆಯೋದು, ಇಷ್ಟೇ ನನ್ನ ಕೆಲಸ.

ನಾನು: ನಾನು ಕೊಟ್ಟಿದ್ದೇನಲ್ಲ. ಪರದೆ ಯಾಕೆ ಎಳೆದಿರಿ?

ಪ್ಲಗಿನ್: ನೀವು ಕೊಟ್ಟಿದ್ದು ಪೇಮೆಂಟ್ ಗೇಟ್‌ವೇಗೆ ಸಾರ್, ನನಗಲ್ಲ. ಅವನು ಬಂದು ಬಾಗಿಲು ತಟ್ಟಿ ‘ಇವರ ದುಡ್ಡು ಬಂತು’ ಅಂತ ಹೇಳ್ಬೇಕು. ವೆಬ್‌ಹುಕ್ ಅಂತಾರೆ ಅದಕ್ಕೆ. ಅವತ್ತು ತಟ್ಟಿದನೋ ಇಲ್ವೋ, ತಟ್ಟಿದಾಗ ಸರ್ವರ್ ಮಲಗಿತ್ತೋ, ನನಗಂತೂ ಕೇಳಿಸ್ಲಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ನೀವು ಕೊಟ್ಟಿದ್ದೀರಿ, ನನ್ನ ಲೆಕ್ಕದಲ್ಲಿ ಇನ್ನೂ ಬೀದೀಲಿದ್ದೀರಿ.

ನಾನು: ಸರಿ. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಫಾರ್ಮಿನಲ್ಲಿ ‘ಕೊನೆಯ ಹೆಸರು’ ಅಂತ ಕೇಳುತ್ತೀರಲ್ಲ, ಪಕ್ಕದಲ್ಲಿ ಕೆಂಪು ನಕ್ಷತ್ರ ಬೇರೆ. ನನಗೆ ಕೊನೆಯ ಹೆಸರಿಲ್ಲ. ನಮ್ಮ ಕಡೆ ಹೆಸರಿಗೆ ಮುಂಚೆ ಊರು ಬರುತ್ತೆ, ಅಪ್ಪ ಬರುತ್ತಾನೆ. ಎಚ್ ಅಂದರೆ ಹುಣಸೂರು. ಅದನ್ನೇ ಹಾಕಿದೆ. ‘ಕನಿಷ್ಠ ಎರಡು ಅಕ್ಷರ ಬೇಕು’ ಅಂದಿರಿ. ಇನ್ನೊಂದು ಎಚ್ ಸೇರಿಸಿದೆ. ಅವತ್ತಿನಿಂದ ನಿಮ್ಮ ಮೇಲ್‌ಗಳೆಲ್ಲ ‘ಪ್ರಿಯ ಎಚ್‌ಎಚ್’ ಎಂದೇ ಬರುತ್ತಿವೆ.

ಪ್ಲಗಿನ್: ಅದಿರ್ಲಿ ಸಾರ್. ನನ್ನ ಕಷ್ಟ ಕೇಳಿ. ನಮ್ಮ ಯಜಮಾನರ ಡ್ಯಾಶ್‌ಬೋರ್ಡಲ್ಲಿ ಒಂದು ಕೆಂಪು ಚುಕ್ಕೆ ಇದೆ. ಅದರೊಳಗೆ 17 ಅಂತಿದೆ. ಹದಿನೇಳು ಅಪ್‌ಡೇಟ್ ಬಾಕಿ! ಅದರಲ್ಲಿ ಒಂದು ನಂದು. ದಿನಾ ಬೆಳಗ್ಗೆ ಲಾಗಿನ್ ಆಗ್ತಾರೆ, ಆ ಚುಕ್ಕೆ ನೋಡ್ತಾರೆ, ಕಾಫಿ ಕುಡೀತಾರೆ, ಹೋಗ್ತಾರೆ. ಕೇಳಿದ್ರೆ, ‘ಒತ್ತಿದ್ರೆ ಸೈಟ್ ಬಿದ್ದೋಗುತ್ತೆ, ಮಾಡಿಕೊಟ್ಟ ಹುಡುಗ ಫೋನ್ ಎತ್ತಲ್ಲ’ ಅಂತಾರೆ.

ನಾನು: 2020ರಿಂದಲೇ ತಾನಾಗಿ ಅಪ್‌ಡೇಟ್ ಆಗುವ ಅನುಕೂಲ ವರ್ಡ್‌ಪ್ರೆಸ್‌ನಲ್ಲಿ ಇದೆಯಲ್ಲ?

ಪ್ಲಗಿನ್: ಅದನ್ನ ಆನ್ ಮಾಡೋಕೂ ಒಂದು ಸಲ ಒತ್ಬೇಕು! ಇನ್ನೊಂದು ಗುಟ್ಟು. ನಾನು ಅಸಲಿ ಅಲ್ಲ. ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕಾದೋನನ್ನ ಎಲ್ಲಿಂದಲೋ ಪುಗಸಟ್ಟೆ ಇಳಿಸ್ಕೊಂಡ್ರು. ‘ನಲ್ಡ್’ ಅಂತಾರೆ ನಮ್ಮಂಥೋರನ್ನ. ಯಾರು ಬೀಗ ಒಡೆದು ಹಂಚಿದ್ನೋ ಅವನು ಒಳಗೆ ತನಗೊಂದು ಹಿತ್ತಿಲ ಬಾಗಿಲು ಇಟ್ಕೊಂಡಿದ್ರೂ ಇರಬಹುದು. ಚಂದಾ ವಸೂಲಿಗೆ ನಾನು ಬೇಕು ಸಾರ್, ನನ್ನ ಚಂದಾ ಕಟ್ಟೋರಿಲ್ಲ.

(ಇಲ್ಲಿ ಅತಿಥಿ ಗಂಟಲು ಸರಿಪಡಿಸಿಕೊಂಡರು. ನನಗೂ ಅಯ್ಯೋ ಪಾಪ ಎನಿಸಿತು, ಸುಮಾರು ಅರ್ಧ ನಿಮಿಷ.)

ನಾನು: ಸದಸ್ಯತ್ವ ರದ್ದು ಮಾಡುವ ಬಟನ್ ಎಲ್ಲಿದೆ? ಸೇರಿಕೊಳ್ಳಲು ಒಂದೇ ಒತ್ತು, ಬಿಡಲು ಏಳು ಪುಟ. 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಹದಿಮೂರು ಬಗೆಯ ಇಂಥ ಕಪಟಗಳನ್ನು ಪಟ್ಟಿ ಮಾಡಿದೆ. ‘ಚಂದಾ ಬಲೆ’ ಅದರಲ್ಲೊಂದು.

ಪ್ಲಗಿನ್: ಹದಿಮೂರೇನಾ? ನಮ್ಮಲ್ಲಿ ಹದಿನೇಳು ಬಾಕಿ ಇದೆ ಸಾರ್.

ನಾನು: ನಾನು ರದ್ದಿನ ಬಗ್ಗೆ ಕೇಳಿದೆ.

ಪ್ಲಗಿನ್: ನೆನ್ನೆ ಹದಿನೆಂಟಾಗಿತ್ತು. ಒಂದನ್ನ ಡಿಲೀಟ್ ಮಾಡಿದ್ರು.

ನಾನು: ಹೋಗಲಿ, ಪಾಸ್‌ವರ್ಡ್. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಇದ್ಯಾವ ವ್ರತ? 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗೆ ಇಂಥ ನಿಯಮ ಬರೆದುಕೊಟ್ಟ ಬಿಲ್ ಬರ್ ಅವರೇ 2017ರಲ್ಲಿ ಪಶ್ಚಾತ್ತಾಪ ಪಟ್ಟರು. ಚಿಹ್ನೆಗಿಂತ ಉದ್ದ ಮುಖ್ಯ ಎಂದು ಆ ಸಂಸ್ಥೆಯೇ ತಿದ್ದಿಕೊಂಡಿತು.

ಪ್ಲಗಿನ್: ಆ ಅಪ್‌ಡೇಟೂ ಯಾರೂ ಒತ್ತಿಲ್ಲ ಸಾರ್.

ನಾನು: ಯೂಸರ್‌ನೇಮ್ ಕನ್ನಡದಲ್ಲಿ ಕೊಟ್ಟೆ. ‘ಅಕ್ರಮ ಅಕ್ಷರಗಳಿವೆ’ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಕನ್ನಡ ಮ್ಯಾಗಜೀನಿನ ಬಾಗಿಲಲ್ಲಿ ಕನ್ನಡದ ಅಕ್ಷರ ಅಕ್ರಮ!

ಪ್ಲಗಿನ್: ಆ ನಿಯಮ ಮನೆಯೋರದ್ದು, ವರ್ಡ್‌ಪ್ರೆಸ್‌ದು. ನಾನು ಬಾಗಿಲು ಅಷ್ಟೇ. ಭದ್ರತೆಗೋಸ್ಕರ ಇರಬೇಕು ಸಾರ್.

ಭದ್ರತೆ ಎಂಬ ಮಾತು ಬಂದದ್ದರಿಂದ, ತೆಗೆಯಬಾರದು ಎಂದುಕೊಂಡಿದ್ದ ವಿಷಯ ತೆಗೆದೆ.

ನಾನು: 2023ರ ಜೂನ್ ನೆನಪಿದೆಯಾ? ‘ಅಲ್ಟಿಮೇಟ್ ಮೆಂಬರ್’ ಎಂಬ ನಿಮ್ಮದೇ ಕಸುಬಿನ ಪ್ಲಗಿನ್. ಎರಡು ಲಕ್ಷ ಸೈಟುಗಳಲ್ಲಿತ್ತು.

ಪ್ಲಗಿನ್: ಅವರು ನಮ್ಮ ದಾಯಾದಿಗಳು ಸಾರ್. ಬಳಕೆ ಅಷ್ಟಕ್ಕಷ್ಟೆ.

ನಾನು: ಸದಸ್ಯರಾಗಲು ತುಂಬುವ ಅದೇ ಫಾರ್ಮು. ನಾನು ಎಚ್ ಬರೆದು ಒದ್ದಾಡಿದ ಅಂಥದ್ದೇ ಫಾರ್ಮು. ಕಳ್ಳ ಅದರ ಜೊತೆ ಕಾಣದ ಒಂದು ಜಾಗ ತಾನೇ ಸೇರಿಸಿ, ‘ನನ್ನ ಅಧಿಕಾರ: ಅಡ್ಮಿನ್’ ಎಂದು ತುಂಬಿ ಕಳಿಸಿದ. ಆ ಜಾಗದ ಹೆಸರು ನಿಷೇಧದ ಪಟ್ಟಿಯಲ್ಲಿತ್ತು. ಅದಕ್ಕವನು ಒಂದು ಇಂಗ್ಲಿಷ್ ಅಕ್ಷರದ ನೆತ್ತಿಗೆ ಒಂದು ಗೆರೆ ಎಳೆದ, ನಮ್ಮ ತಲೆಕಟ್ಟಿನ ಹಾಗೆ. ಪಟ್ಟಿ ಹಿಡಿದು ಕೂತವನಿಗೆ ಗುರುತು ಸಿಗಲಿಲ್ಲ, ಒಳಗಿದ್ದ ಡೇಟಾಬೇಸಿಗೆ ಸಿಕ್ಕಿತು. ಕಳ್ಳ ಯಜಮಾನನಾದ. ತೇಪೆಯ ಮೇಲೆ ತೇಪೆ ಹಾಕಿ ಕೊನೆಗೆ 2.6.7ನೇ ಆವೃತ್ತಿಯಲ್ಲಿ ಆ ತೂತು ಮುಚ್ಚಿದರು.

ಪ್ಲಗಿನ್: ನೋಡಿ, ಅದನ್ನೇ ನಾನು ಹೇಳಿದ್ದು! ಅಪ್‌ಡೇಟ್...

ನಾನು: ಸುಮ್ಮನಿರು. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ವಯಸ್ಸು ಎಪ್ಪತ್ತಾರು. ನಲವತ್ತು ವರ್ಷ ಅಂಚೆಯಲ್ಲಿ ಚಂದಾ ಕಳಿಸಿ ಪತ್ರಿಕೆ ಓದಿದವರು. ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ನಿನ್ನ ಒಟಿಪಿಯ ಗಡುವು ಮುಗಿದಿರುತ್ತೆ. ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚುತ್ತೀಯ. ಪಾಸ್‌ವರ್ಡ್ ಬದಲಾಯಿಸುವ ಮೇಲ್ ಸ್ಪ್ಯಾಮಿಗೆ ಹೋಗಿ ಬಿದ್ದಿರುತ್ತೆ, ಸ್ಪ್ಯಾಮ್ ಅಂದರೇನೆಂದು ಅವರಿಗೆ ಗೊತ್ತಿಲ್ಲ. ಕೊನೆಗೆ ಮೊಬೈಲ್ ಅಂಗಡಿಯ ಹುಡುಗನ ಕೈಗೆ ಫೋನ್ ಕೊಟ್ಟರು. ಅವನು ಪಾಸ್‌ವರ್ಡ್ ಮಾಡಿಕೊಟ್ಟು, ಮರೆತುಹೋದೀತೆಂದು ತನ್ನ ರೂಲ್ಡ್ ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರ್ ಸಮೇತ ಬರೆದಿಟ್ಟುಕೊಂಡ. ಆ ಪುಟ ನಾನು ನೋಡಿದ್ದೇನೆ. ಮೇಷ್ಟ್ರದ್ದು ಹನ್ನೊಂದನೇ ಸಾಲು, ಕೆಳಗೆ ಇನ್ನೂ ಇದ್ದವು. ಆ ಹುಡುಗ ಒಳ್ಳೆಯವನು, ಅದು ನಮ್ಮ ಬೀದಿಯ ಅದೃಷ್ಟ. ನಿನ್ನ ಭದ್ರತೆ ಎಂದರೆ ಆ ನೋಟ್‌ಬುಕ್ಕು. ದುಡ್ಡು ಹಿಡಿದು ನಿಂತ ಮುದುಕರನ್ನು ನಾಯಿಯಂತೆ ಬೊಗಳಿ ಓಡಿಸುತ್ತೀಯ, ವೇಷ ಹಾಕಿ ಬಂದ ಕಳ್ಳನ ಕೈಗೆ ಬೀಗದಕೈ ಗೊಂಚಲು ಕೊಡುತ್ತೀಯ. ಮೇಷ್ಟ್ರ ಫೋನ್ ನಂಬರು, ಮನೆ ವಿಳಾಸ, ಹುಟ್ಟಿದ ತಾರೀಕು ನಿನ್ನ ಹತ್ತಿರ ಇವೆ. ಓದುವುದಕ್ಕೆ ಹುಟ್ಟಿದ ತಾರೀಕು ಯಾಕಯ್ಯಾ ಬೇಕು?

(ಸ್ವಲ್ಪ ಹೊತ್ತು ಒಂದು ಚಕ್ರ ಗಿರಗಿರ ತಿರುಗಿತು.)

ಪ್ಲಗಿನ್: ತಾರೀಕಿನ ಜಾಗ ನಾನು ಕೇಳಿದ್ದಲ್ಲ ಸಾರ್, ಯಜಮಾನರು ಸೇರಿಸಿದ್ದು. ‘ಇರ್ಲಿ, ಮುಂದೆ ಬೇಕಾಗಬಹುದು’ ಅಂದ್ರು.

ನಾನು: ಎರಡನೇ ಬೀಗ ಹಾಕಿಸಬಹುದಿತ್ತಲ್ಲ? ಎರಡು ಹಂತದ ಲಾಗಿನ್?

ಪ್ಲಗಿನ್: ಹಾಕ್ಸಿ, ಒಳ್ಳೇದೇ. ಆದ್ರೆ 2024ರ ನವೆಂಬರಲ್ಲಿ ‘ರಿಯಲಿ ಸಿಂಪಲ್ ಸೆಕ್ಯೂರಿಟಿ’ ಕಥೆ ಏನಾಯ್ತು? ನಲವತ್ತು ಲಕ್ಷ ಸೈಟು ಕಾಯೋ ಪ್ಲಗಿನ್. ಅದರ ಆ ಎರಡನೇ ಬೀಗದಲ್ಲೇ ತೂತಿತ್ತು. ಎರಡನೇದನ್ನ ಆನ್ ಮಾಡ್ಕೊಂಡಿದ್ದೋರ ಮನೆಗೇ ಪಾಸ್‌ವರ್ಡ್ ಇಲ್ದೆ ನುಗ್ಗಬಹುದಿತ್ತು. ಕಂಡುಹಿಡಿದ್ರು, ಸರಿ ಮಾಡಿದ್ರು. ವರ್ಡ್‌ಪ್ರೆಸ್‌ನೋರೇ ಬಲವಂತವಾಗಿ ಅಪ್‌ಡೇಟ್ ನೂಕಿದ್ರು. ಬೀಗ ಮಾಡೋನು ತಪ್ಪು ಮಾಡ್ತಾನೆ ಸಾರ್, ತಿದ್ಕೋತಾನೆ. ತಿದ್ದಿದ ಬೀಗ ಮನೆಬಾಗಿಲಿಗೆ ತಂದಿಟ್ರೂ ಹಾಕ್ಕೊಳ್ಳದೇ ಇರೋನಿಗೆ ಏನು ಹೇಳೋಣ?

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾನು ಮಾಡುವುದನ್ನೇ ಮಾಡಿದೆ.

ನಾನು: ಅದೆಲ್ಲ ಸರಿ, ಆ ಕೊನೆಯ ಹೆಸರು...

ಪ್ಲಗಿನ್: ಸೆಟ್ಟಿಂಗ್ಸಲ್ಲಿ ‘ಕಡ್ಡಾಯ’ ಅಂತ ಒಂದು ಟಿಕ್ ಇದೆ ಸಾರ್. ತೆಗೆದ್ರೆ ಹೋಗುತ್ತೆ.

ನಾನು: ಅಷ್ಟೇನಾ?

ಪ್ಲಗಿನ್: ಅಷ್ಟೇ. ಆದ್ರೆ ನೀವು ಈ ಪುಟದಲ್ಲಿ ತುಂಬಾ ಹೊತ್ತಿಂದ ಇದ್ದೀರಿ. ಸೆಷನ್ ಮುಗೀತು. ಮತ್ತೆ ಲಾಗಿನ್ ಆಗಿ.

ಚಂದಾ ಎತ್ತಿ ಸೈಟ್ ನಡೆಸುವ ಮಹನೀಯರಲ್ಲಿ ಒಂದು ವಿನಂತಿ. ಇವತ್ತು ರಾತ್ರಿ ಬ್ಯಾಕಪ್ ತೆಗೆದಿಟ್ಟು, ಆ ಕೆಂಪು ಚುಕ್ಕೆಯ ಮೇಲೆ ಒತ್ತಿ. ಲೈಸೆನ್ಸಿನ ದುಡ್ಡು ಕಟ್ಟಿ. ಹುಟ್ಟಿದ ತಾರೀಕಿನ ಜಾಗ ಕಿತ್ತುಹಾಕಿ. ಕೊನೆಯ ಹೆಸರಿನ ಪಕ್ಕದ ನಕ್ಷತ್ರವನ್ನೂ ತೆಗೆಯಿರಿ, ಹುಣಸೂರಿನವರು ಇನ್ನೂ ಬಹಳ ಜನ ಇದ್ದೇವೆ.