ಟೂಲ್ ಎಂಬ ಪದಕ್ಕೊಂದು ಬಹಿರಂಗ ಪತ್ರ

ಪ್ರಿಯ ಟೂಲ್,

ನೀನು ಇಂಗ್ಲಿಷಿನ ಪದವಾದರೂ ನಮ್ಮ ಗ್ಯಾರೇಜುಗಳಲ್ಲಿ ನಿನ್ನನ್ನು ಯಾರೂ ಹೊರಗಿನವನೆಂದು ಎಣಿಸಿಲ್ಲ. 'ಟೂಲ್ಸ್ ತಗೊಂಡ್ ಬಾರೋ' ಅಂದರೆ ಸಾಕು, ಸ್ಪ್ಯಾನರು, ಸ್ಕ್ರೂಡ್ರೈವರು ತುಂಬಿದ ಎಣ್ಣೆಜಿಡ್ಡಿನ ಪೆಟ್ಟಿಗೆ ಬರುತ್ತದೆ. ಅದೇ ಹೆಸರು ಬೈಗುಳವಾಗಿ ಕಿವಿಗೆ ಬಿದ್ದಾಗ ಸಂಕಟವಾಗುತ್ತದೆ. ಅದಕ್ಕೇ ಈ ಪತ್ರ.

ಹಳೆಯ ಇಂಗ್ಲಿಷಿನಲ್ಲಿ ನೀನು 'ಟೋಲ್' ಆಗಿದ್ದೆ. ಅದರ ಹಿಂದಿರುವ ಜರ್ಮ್ಯಾನಿಕ್ ಧಾತುವಿಗೆ ಸಿದ್ಧಪಡಿಸು, ಮಾಡು ಎಂಬ ಅರ್ಥ. ಹಸಿ ತೊಗಲಿಗೆ ಪಟಿಕ, ಉಪ್ಪು ಹಾಕಿ ಹದಮಾಡುವುದಕ್ಕೆ ಇಂಗ್ಲಿಷಿನಲ್ಲಿ 'ಟಾ' ಎನ್ನುತ್ತಾರೆ. ಅದೂ ನೀನೂ ಒಂದೇ ಬಳ್ಳಿಯವರು.

ಇಂಗ್ಲೆಂಡಿನ ಆಲ್ಫ್ರೆಡ್ ದೊರೆ ಆಳಿದ್ದು 871ರಿಂದ 899ರವರೆಗೆ. ರೋಮನ್ ತತ್ತ್ವಜ್ಞಾನಿ ಬೊಯೆಥಿಯಸ್‌ನ ಗ್ರಂಥದ ಹಳೆಯ ಇಂಗ್ಲಿಷ್ ರೂಪವೊಂದು ಅವನ ಹೆಸರಿನಲ್ಲಿ ಉಳಿದುಬಂದಿದೆ. ಟೂಲುಗಳಿಲ್ಲದೆ ಯಾರೂ ತಮ್ಮ ಕಸುಬು ತೋರಿಸಲಾರರು, ದೊರೆಯೂ ಅಷ್ಟೇ ಎಂಬ ಮಾತು ಅಲ್ಲಿ ಬರುತ್ತದೆ. ದೊರೆಯ ಟೂಲುಗಳು ಯಾವುವು? ಪ್ರಾರ್ಥಿಸುವವರು, ಕಾದಾಡುವವರು, ದುಡಿಯುವವರು. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಇವರಿಗೆಲ್ಲ ಇರಲು ನೆಲ, ಉಡಲು ಬಟ್ಟೆ, ಅನ್ನಪಾನ, ಆಯುಧ, ಉಡುಗೊರೆ ಒದಗಿಸುವುದು ದೊರೆಯ ಹೊಣೆ ಎಂದೂ ಹೇಳಿದೆ. ಅಂದರೆ ಮನುಷ್ಯನನ್ನು ಟೂಲ್ ಎಂದು ಕರೆದಾಗ ಆ ಮಾತಿನ ಜೊತೆಗೆ ಅವನ ಊಟವೂ ಬರುತ್ತಿತ್ತು. ಈ ಭಾಗ ನನಗೆ ಬಹಳ ಪ್ರಿಯ.

ಹದಿನೇಳನೇ ಶತಮಾನದ ಹೊತ್ತಿಗೆ ನಿನ್ನ ಗತಿ ಬದಲಾಯಿತು. ಇನ್ನೊಬ್ಬರ ಸ್ವಾರ್ಥಕ್ಕೆ ಬಳಕೆಯಾಗುವವನು ಎಂಬ ಹೀನಾರ್ಥ ಅಂಟಿಕೊಂಡಿತು. ಅದಕ್ಕೂ ಮೊದಲೇ ಒಂದು ಪೋಲಿ ಅರ್ಥ ಬಂದಿತ್ತು, ಅದು ಬೇಡ. ನಮ್ಮಲ್ಲಂತೂ 2021ರ ಫೆಬ್ರವರಿಯಲ್ಲಿ, ರೈತ ಚಳವಳಿಗೆ ಸಂಬಂಧಿಸಿದ, 'ಟೂಲ್‌ಕಿಟ್' ಎಂದು ಕರೆಯಲಾದ ದಾಖಲೆಯೊಂದರ ನೆಪದಲ್ಲಿ ಬೆಂಗಳೂರಿನ ಯುವತಿಯೊಬ್ಬರ ಬಂಧನವಾದ ಮೇಲೆ, 'ಟೂಲ್‌ಕಿಟ್' ಎಂದರೆ ಪಿತೂರಿ ಎಂಬಂತಾಯಿತು. ಮೆಕ್ಯಾನಿಕ್ಕಿನ ಪೆಟ್ಟಿಗೆಯ ಹೆಸರು ಆರೋಪದ ಮಾತಾಯಿತು.

ಕನ್ನಡ ಈ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಂಡಿದೆ ಎಂದೇ ನನ್ನ ನಂಬಿಕೆ. ಇನ್ನೊಬ್ಬರ ಕೈಗೆ ಸಿಕ್ಕವನನ್ನು ನಾವು ದಾಳ ಎನ್ನುತ್ತೇವೆ, ಕೈಗೊಂಬೆ ಎನ್ನುತ್ತೇವೆ. ಒಂದು ಪಗಡೆ ಹಾಸಿನಿಂದ ಬಂದದ್ದು, ಇನ್ನೊಂದು ಗೊಂಬೆಯಾಟದಿಂದ. ಎರಡೂ ಆಟದ ಸಾಮಾನು. 'ಕೊಡಲಿ ಕಾವು ಕುಲಕ್ಕೆ ಮೃತ್ಯು' ಎಂಬ ಗಾದೆ ಇದೆ, ನಿಜ. ಅಲ್ಲಿ ಬೈಸಿಕೊಳ್ಳುವುದು ತನ್ನವರಿಗೇ ಎರಡು ಬಗೆದ ಮರ. ಉಳಿ, ಬಾಚಿ, ಗರಗಸಗಳನ್ನೋ, ನಾವು ಆಯುಧಪೂಜೆಯ ದಿನ ಒರೆಸಿ, ಮಣೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತೇವೆ. ಆವತ್ತು ಅವಕ್ಕೆ ರಜೆ.

ಸುದ್ದಿಗೆ ತಲೆಬರಹ ಕೊಡುವ ಗೆಳೆಯರೇ, ಕೊನೆಯ ಮಾತು ನಿಮಗೆ. ಯಾರಾದರೂ ಯಾರದೋ ಕೈಯಲ್ಲಿ ಆಡುತ್ತಿದ್ದರೆ ದಾಳ ಎಂದು ಬರೆಯಿರಿ, ಕೈಗೊಂಬೆ ಎಂದು ಬರೆಯಿರಿ. ಟೂಲ್ ಎಂಬ ಪದವನ್ನು ಮಾತ್ರ ದುಡಿಯುವವರಿಗೆ ಬಿಟ್ಟುಕೊಡಿ.

ಇತಿ,
ನಿನ್ನ ಹಿತೈಷಿ